ಲಾಭವಾಯಿತು, ದುಡ್ಡು ಎಲ್ಲಿ? ಬೆಳೆಯುವ ಸಣ್ಣ ಕಾರ್ಖಾನೆಯಲ್ಲಿ ಅಕೌಂಟೆಂಟ್ ವೃತ್ತಿ

ಬಿ.ಕಾಂ. ಮುಗಿಸಿ 2004ರಲ್ಲಿ ನಾನು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಮಷಿನ್ ಶಾಪ್‌ಗೆ ಅಕೌಂಟೆಂಟ್ ಆಗಿ ಸೇರಿದಾಗ ಅಲ್ಲಿ ಎಂಟು ಜನ ಕೆಲಸ ಮಾಡುತ್ತಿದ್ದರು. ಫೌಂಡ್ರಿಗಳಿಂದ ಎರಕದ ಬಿಡಿಭಾಗಗಳನ್ನು ತಂದು, ಅವನ್ನು ಕೊರೆದು, ಸವರಿ, ಅಳತೆಗೆ ತಂದು ಪಂಪ್ ಮತ್ತು ವಾಹನ ತಯಾರಕರಿಗೆ ಕಳುಹಿಸುವುದು ಅಲ್ಲಿನ ಕೆಲಸ. ಮೊದಲ ವರ್ಷ ಮಾರ್ಚ್ ಮುಗಿದ ಮೇಲೆ ಬಹಳ ಶ್ರದ್ಧೆಯಿಂದ ಲಾಭ-ನಷ್ಟದ ಪಟ್ಟಿ ತಯಾರಿಸಿ ಮಾಲೀಕರ ಮುಂದಿಟ್ಟೆ. ಅವರು ಕೊನೆಯ ಸಾಲನ್ನು ಎರಡು ಸಲ ಓದಿ ನನ್ನನ್ನು ಕೇಳಿದರು: “ನಾಕು ಲಕ್ಷ ಲಾಭ ಅಂತ ಬರ್ದೀಯಲ್ಲೋ ತಮ್ಮಾ, ಬ್ಯಾಂಕಿನ್ಯಾಗ ನಲವತ್ತು ಸಾವಿರ ಇಲ್ಲ. ರೊಕ್ಕ ಎಲ್ಲಿ ಹೋತು?”

ನನ್ನ ಬಳಿ ಉತ್ತರವಿರಲಿಲ್ಲ. ಜಮಾ-ಖರ್ಚು ಪೈಸೆಗೆ ಪೈಸೆ ತಾಳೆಯಾಗಿತ್ತು, ಟ್ರಯಲ್ ಬ್ಯಾಲೆನ್ಸ್ ಸರಿಯಾಗಿತ್ತು, ಆದರೆ ಮೂರನೇ ಇಯತ್ತೆಯವರೆಗೆ ಓದಿದ್ದ ಮಾಲೀಕರು ಕೇಳಿದ ಪ್ರಶ್ನೆಗೆ ಪದವೀಧರನಾದ ನಾನು ಒಂದು ಸಾಲಿನ ಉತ್ತರ ಕೊಡಲಾರದೆ ಹೋದೆ. ಇಂದು ಈ ಉಪನ್ಯಾಸದಲ್ಲಿ ವಿದ್ಯಾರ್ಥಿಗಳಾದ ನಿಮ್ಮೆದುರು ಹೇಳಬೇಕೆಂದು ಬಂದಿರುವ ವಿಷಯವೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ. ಬೆಳೆಯುತ್ತಿರುವ ಸಣ್ಣ ಉದ್ಯಮದಲ್ಲಿ ಅಕೌಂಟೆಂಟ್ ಆಗಿ ನೆಲೆ ಕಂಡುಕೊಳ್ಳಬೇಕೆಂದರೆ, ‘ರೊಕ್ಕ ಎಲ್ಲಿ ಹೋಯಿತು’ ಎಂಬುದಕ್ಕೆ ಉತ್ತರ ಹೇಳುವುದನ್ನು ಕಲಿಯಬೇಕು; ಆಮೇಲೆ, ಮಾಲೀಕರು ಕೇಳುವುದಕ್ಕೆ ಮೂರು ತಿಂಗಳು ಮೊದಲೇ ಅದನ್ನು ಹೇಳುವುದನ್ನು ಕಲಿಯಬೇಕು.

ಒಂದು ಲೆಕ್ಕವನ್ನು ನಿಮ್ಮ ಜೊತೆಯಲ್ಲೇ ಮಾಡುತ್ತೇನೆ, ದಯವಿಟ್ಟು ಬರೆದುಕೊಳ್ಳಿ. ತಿಂಗಳಿಗೆ 20 ಲಕ್ಷ ರೂಪಾಯಿ ಮಾರಾಟವಿರುವ ಒಂದು ಮಷಿನ್ ಶಾಪ್ ಇದೆ ಎಂದುಕೊಳ್ಳೋಣ. ಗ್ರಾಹಕರು ಮಾಲು ಪಡೆದ 60 ದಿನಕ್ಕೆ ಹಣ ಕೊಡುತ್ತಾರೆ, ಅಂದರೆ ಯಾವಾಗ ನೋಡಿದರೂ 40 ಲಕ್ಷ ಹೊರಗೆ ಉದ್ದರಿಯಲ್ಲಿರುತ್ತದೆ. ಕಚ್ಚಾ ಮಾಲಿಗೆ ತಿಂಗಳಿಗೆ 10 ಲಕ್ಷ ಬೇಕು; ಅರ್ಧ ತಿಂಗಳ ಮಾಲು ಗೋದಾಮಿನಲ್ಲಿರುವುದರಿಂದ ಅಲ್ಲಿ 5 ಲಕ್ಷ. ಫೌಂಡ್ರಿಯವರು ನಮಗೆ ಒಂದು ತಿಂಗಳ ಉದ್ದರಿ ಕೊಡುತ್ತಾರೆ, ಅದು 10 ಲಕ್ಷ. ಜಿಎಸ್‌ಟಿಯನ್ನು ಸದ್ಯಕ್ಕೆ ಬದಿಗಿಡೋಣ. 40 ಮತ್ತು 5 ಕೂಡಿಸಿ 10 ಕಳೆದರೆ, ವ್ಯಾಪಾರದೊಳಗೆ ಸಿಕ್ಕಿಕೊಂಡಿರುವ ಹಣ 35 ಲಕ್ಷ.

ಈಗ ಒಳ್ಳೆಯ ಸುದ್ದಿಯೊಂದು ಬರುತ್ತದೆ: ಪುಣೆಯ ಗ್ರಾಹಕರು ಆರ್ಡರನ್ನು ಇಮ್ಮಡಿ ಮಾಡುತ್ತಾರೆ. ಮಾಲೀಕರು ಪೇಢೆ ಹಂಚುತ್ತಾರೆ. ಮಾರಾಟ ತಿಂಗಳಿಗೆ 40 ಲಕ್ಷವಾದರೆ ಸಿಕ್ಕಿಕೊಳ್ಳುವ ಹಣವೂ 70 ಲಕ್ಷವಾಗುತ್ತದೆ. ಹೆಚ್ಚಿನ 35 ಲಕ್ಷ ಎಲ್ಲಿಂದ ಬರಬೇಕು? ಮಾರಾಟದ ಮೇಲೆ ನೂರಕ್ಕೆ 8ರಷ್ಟು ಲಾಭ ಉಳಿಯುತ್ತದೆ ಎಂದರೂ ತಿಂಗಳಿಗೆ 3 ಲಕ್ಷ 20 ಸಾವಿರ. ಹನ್ನೊಂದು ತಿಂಗಳ ಪೂರ್ತಿ ಲಾಭವನ್ನು, ಮನೆಗೆ ಒಂದು ರೂಪಾಯಿಯನ್ನೂ ಒಯ್ಯದೆ, ಒಳಗೇ ಹಾಕಿದರೆ ಮಾತ್ರ ಈ ಹಳ್ಳ ತುಂಬುತ್ತದೆ. ಇದರ ಮೇಲೆ ಜಿಎಸ್‌ಟಿ ಸೇರಿಸಿ. 40 ಲಕ್ಷದ ಮಾರಾಟಕ್ಕೆ ಶೇಕಡಾ 18ರಂತೆ 7 ಲಕ್ಷ 20 ಸಾವಿರ ತೆರಿಗೆ. 20 ಲಕ್ಷದ ಖರೀದಿಯ ಮೇಲಿನ 3 ಲಕ್ಷ 60 ಸಾವಿರ ಕಳೆದರೆ ಉಳಿದ 3 ಲಕ್ಷ 60 ಸಾವಿರವನ್ನು ಮುಂದಿನ ತಿಂಗಳ 20ನೇ ತಾರೀಖಿನೊಳಗೆ ಕಟ್ಟಬೇಕು. ಗ್ರಾಹಕರಿಂದ ಆ ತೆರಿಗೆಯ ಹಣ ನಮಗೆ ಬರುವುದು ಅದಾದ ಎಷ್ಟೋ ದಿನಗಳ ಮೇಲೆ. ವ್ಯಾಪಾರ ಕುಸಿದು ಮುಚ್ಚಿದ ಕಾರ್ಖಾನೆಗಳನ್ನು ನೀವೆಲ್ಲ ನೋಡಿದ್ದೀರಿ. ವ್ಯಾಪಾರ ಏರುತ್ತಿದ್ದಾಗಲೇ, ಲಾಭದಲ್ಲಿದ್ದಾಗಲೇ, ಉಸಿರುಗಟ್ಟಿದ ಕಾರ್ಖಾನೆಗಳನ್ನು ನಾನು ನಮ್ಮ ಉದ್ಯಮಬಾಗದಲ್ಲೇ ಕಂಡಿದ್ದೇನೆ. ಅವರ ಪುಸ್ತಕ ಬರೆಯುತ್ತಿದ್ದವರು ಈ ಒಂದು ಪುಟದ ಲೆಕ್ಕವನ್ನು ಆರ್ಡರ್ ಒಪ್ಪಿಕೊಳ್ಳುವ ಮೊದಲು ಮಾಡಿ ತೋರಿಸಿದ್ದರೆ, ಮಾಲೀಕರು ಆರ್ಡರನ್ನು ಹಂತ ಹಂತವಾಗಿ ಒಪ್ಪಿಕೊಳ್ಳಬಹುದಿತ್ತು, ಅಥವಾ ಹಣ ಬರುವ ದಿನಗಳ ಬಗ್ಗೆ ಮೊದಲೇ ಗಟ್ಟಿಯಾಗಿ ಮಾತನಾಡಬಹುದಿತ್ತು.

ಬೆಂಗಳೂರಿನ ದೊಡ್ಡ ಕಂಪನಿಗಳ ಲೆಕ್ಕಪತ್ರ ವಿಭಾಗಗಳಲ್ಲಿ ಈ ಚಿತ್ರ ಒಬ್ಬರಿಗೆ ಪೂರ್ತಿಯಾಗಿ ಕಾಣುವುದಿಲ್ಲ. ಅಲ್ಲಿ ಒಬ್ಬರು ಪೂರೈಕೆದಾರರ ಬಿಲ್ಲುಗಳನ್ನು ಮಾತ್ರ ನೋಡುತ್ತಾರೆ, ಇನ್ನೊಬ್ಬರು ಸಂಬಳ ಮಾತ್ರ, ಮತ್ತೊಬ್ಬರು ಬ್ಯಾಂಕ್ ತಾಳೆ ಮಾತ್ರ. ಸಂಬಳ ಅಲ್ಲಿ ಹೆಚ್ಚು, ಶಿಸ್ತು ಹೆಚ್ಚು, ಅಲ್ಲಿ ಹೋಗುವವರನ್ನು ನಾನು ತಡೆಯುವುದಿಲ್ಲ. ಆದರೆ ಸಣ್ಣ ಕಾರ್ಖಾನೆಯಲ್ಲಿ ಮೊದಲ ಎರಡೇ ವರ್ಷದಲ್ಲಿ ಖರೀದಿ, ಮಾರಾಟ, ತೆರಿಗೆ, ಪಗಾರ, ಬ್ಯಾಂಕು, ದಾಸ್ತಾನು ಎಲ್ಲವೂ ಒಂದೇ ಮೇಜಿನ ಮೇಲೆ ನಿಮ್ಮ ಮುಂದೆ ಬಂದು ಬೀಳುತ್ತವೆ. ಮೊದಲಿಗೆ ಅದು ಭಾರವೆನಿಸುತ್ತದೆ, ಆದರೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಏನಾಗುತ್ತದೆ ಎಂಬುದು ಅಲ್ಲಿ ಮಾತ್ರ ಅರ್ಥವಾಗುತ್ತದೆ.

ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬೆಳೆಯುವ ಉದ್ಯಮದಲ್ಲಿ ಅಕೌಂಟೆಂಟ್‌ನ ಬೆಲೆ ಮೊದಲು ತಿಳಿಯುವುದು ಅಲ್ಲಿ. ಸಣ್ಣ ಉದ್ಯಮಗಳಿಗೆ ದುಡಿಯುವ ಬಂಡವಾಳದ, ಅಂದರೆ ಹೀಗೆ ವ್ಯಾಪಾರದೊಳಗೆ ಸಿಕ್ಕಿಕೊಳ್ಳುವ ಹಣದ, ಸಾಲವನ್ನು ಎಷ್ಟು ಕೊಡಬೇಕೆಂಬುದಕ್ಕೆ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಶಿಫಾರಸಿನಿಂದ ಬಂದ ಒಂದು ಸರಳ ಸೂತ್ರವಿದೆ: 5 ಕೋಟಿವರೆಗಿನ ಸಾಲದ ಮಿತಿಗಳಿಗೆ, ಮುಂದಿನ ವರ್ಷ ಆಗಬಹುದಾದ ಮಾರಾಟದ ಕನಿಷ್ಠ ಶೇಕಡಾ 20ರಷ್ಟನ್ನು ಬ್ಯಾಂಕು ಕೊಡುವುದು, ಶೇಕಡಾ 5ರಷ್ಟನ್ನು ಮಾಲೀಕರು ಹಾಕುವುದು. ನಮ್ಮ ಉದಾಹರಣೆಯ ಶಾಪ್‌ಗೆ ಕಳೆದ ವರ್ಷದ ಮಾರಾಟ 2 ಕೋಟಿ 40 ಲಕ್ಷ; ಅದರ ಮೇಲೆ ಕೇಳಿದರೆ ಸಿಗುವುದು 48 ಲಕ್ಷ. ಮುಂದಿನ ವರ್ಷದ 4 ಕೋಟಿ 80 ಲಕ್ಷದ ಮೇಲೆ ಕೇಳಿದರೆ 96 ಲಕ್ಷ. ಎರಡರ ನಡುವಿನ ಅಂತರವೇ ಆ ಕಾರ್ಖಾನೆಯ ಉಳಿವು. ಮುಂದಿನ ವರ್ಷದ ಅಂದಾಜನ್ನು ಬ್ಯಾಂಕಿನವರು ಒಪ್ಪಬೇಕಾದರೆ ಗ್ರಾಹಕರ ಆರ್ಡರ್ ಪತ್ರ, ಜಿಎಸ್‌ಟಿ ರಿಟರ್ನ್, ಮಷಿನ್‌ಗಳ ಸಾಮರ್ಥ್ಯ ಇವೆಲ್ಲ ಒಂದೇ ಮಾತು ಹೇಳಬೇಕು. ಆ ಕಡತವನ್ನು ಕಟ್ಟುವವರು ನೀವು. ಬಿಲ್ ಇಲ್ಲದೆ ಒಂದಷ್ಟು ಮಾರಿ ತೆರಿಗೆ ಉಳಿಸಿದೆ ಎಂದು ಸಮಾಧಾನಪಡುವ ಮಾಲೀಕರಿಗೂ ಇದೇ ಸೂತ್ರವನ್ನು ತೋರಿಸಬೇಕು: ಪುಸ್ತಕದಲ್ಲಿ ಕಾಣದ ಪ್ರತಿ ನೂರು ರೂಪಾಯಿ ಮಾರಾಟವೂ ಬ್ಯಾಂಕಿನಲ್ಲಿ ಇಪ್ಪತ್ತು ರೂಪಾಯಿ ಸಾಲವನ್ನು ಕಳೆಯುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮಂಜೂರಾದ ಸಾಲವನ್ನು ಯಾವಾಗಲೂ ಪೂರ್ತಿಯಾಗಿ ತೆಗೆಯಲು ಬರುವುದಿಲ್ಲ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು, ಅದರಿಂದ ಡ್ರಾಯಿಂಗ್ ಪವರ್, ಅಂದರೆ ಆ ತಿಂಗಳು ಎಷ್ಟು ತೆಗೆಯಬಹುದು ಎಂಬುದು, ಲೆಕ್ಕವಾಗುತ್ತದೆ. ಗೋದಾಮಿನಲ್ಲಿ 30 ಲಕ್ಷದ ಮಾಲಿದ್ದು, ಅದರಲ್ಲಿ 10 ಲಕ್ಷ ಪೂರೈಕೆದಾರರಿಗೆ ಕೊಡುವುದು ಬಾಕಿಯಿದ್ದರೆ ಉಳಿದ 20 ಲಕ್ಷದಲ್ಲಿ, ಸಾಮಾನ್ಯವಾಗಿ ಶೇಕಡಾ 25 ಮಾರ್ಜಿನ್ (ಮಾಲೀಕರೇ ಹಾಕಬೇಕಾದ ಪಾಲು) ಕಳೆದು, ಆ ಮಾಲಿನ ಮೇಲೆ 15 ಲಕ್ಷ ಮಾತ್ರ ತೆಗೆಯಬಹುದು. ಸೇರಿದ ಹೊಸತರಲ್ಲಿ ನಾನು ಶೆಡ್ಡಿನಲ್ಲಿ ಕಂಡ ಎರಕವನ್ನೆಲ್ಲ ಎಣಿಸಿ ನಮ್ಮ ಸ್ಟಾಕ್ ಎಂದು ಬರೆದು ಕಳುಹಿಸಿದ್ದೆ. ಅದರಲ್ಲಿ ಮೂರನೇ ಒಂದು ಭಾಗ ಗ್ರಾಹಕರು ಜಾಬ್‌ವರ್ಕ್‌ಗೆಂದು, ಅಂದರೆ ಕೂಲಿಗೆ ಕೊರೆಸಿಕೊಳ್ಳಲೆಂದು, ಚಲನ್ ಮೇಲೆ ಕಳುಹಿಸಿದ ಅವರದೇ ಮಾಲು. ಬ್ಯಾಂಕಿನ ಅಧಿಕಾರಿ ತಪಾಸಣೆಗೆ ಬಂದಾಗ ಎರಕದ ಮೇಲಿನ ಗುರುತು ನೋಡಿ ಇದು ಯಾರದೆಂದು ಕೇಳಿದರು. ಮೋಸ ಮಾಡುವ ಉದ್ದೇಶ ನನಗಿರಲಿಲ್ಲ, ಆದರೆ ಮಾಲೀಕರು ಅಂದು ಅವರ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ನಾನು ಮರೆತಿಲ್ಲ. ಅಂದಿನಿಂದ ಸ್ವಂತ ಮಾಲಿಗೂ ಜಾಬ್‌ವರ್ಕ್ ಮಾಲಿಗೂ ಬೇರೆ ರಿಜಿಸ್ಟರು, ಬೇರೆ ಜಾಗ, ನೆಲದ ಮೇಲೆ ಬೇರೆ ಬಣ್ಣದ ಗೆರೆ. ಮೇಜಿನ ಮುಂದೆ ಕುಳಿತೇ ಬರೆದ ಲೆಕ್ಕ ಎಷ್ಟು ಅಚ್ಚುಕಟ್ಟಾಗಿದ್ದರೂ ಶೆಡ್ಡಿಗೆ ಹೋಗದಿದ್ದರೆ ಸುಳ್ಳಾಗಬಹುದು.

ಶೆಡ್ಡಿನ ಮಾತು ಬಂದದ್ದರಿಂದ ದರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರ್ ನಿಯಂತ್ರಣದ ನಮ್ಮ ಒಂದು ಸಿಎನ್‌ಸಿ ಮಷಿನ್‌ಗೆ ಕಂತು, ಕರೆಂಟು, ಆಪರೇಟರ್ ಪಗಾರ, ಇನ್ಸರ್ಟ್ (ಲೋಹ ಕೊರೆಯುವ ಅಲಗು), ಬಾಡಿಗೆಯ ಪಾಲು ಎಲ್ಲ ಸೇರಿ ತಿಂಗಳಿಗೆ 90 ಸಾವಿರ ಖರ್ಚಾಗುತ್ತಿತ್ತು. ಎರಡು ಪಾಳಿಗೆ 400 ಗಂಟೆ ನಡೆಯುತ್ತದೆ, ಗಂಟೆಗೆ 225 ರೂಪಾಯಿ ಬೀಳುತ್ತದೆ ಎಂದು ನಂಬಿ ಮಾಲೀಕರು ಗಂಟೆಗೆ 250ರಂತೆ ದರ ಕೊಟ್ಟಿದ್ದರು. ಒಂದು ತಿಂಗಳು ಆಪರೇಟರ್‌ಗಳಿಂದ ದಿನದ ಚೀಟಿ ಬರೆಸಿ ಕೂಡಿಸಿದಾಗ ಮಷಿನ್ ನಿಜವಾಗಿ ಒಳ್ಳೆಯ ಪೀಸುಗಳನ್ನು ಕೊರೆದದ್ದು 260 ಗಂಟೆ. ಖರ್ಚು ಗಂಟೆಗೆ 346 ರೂಪಾಯಿ. 24 ನಿಮಿಷ ಹಿಡಿಯುವ ಒಂದೊಂದು ಪಂಪ್ ಬಾಡಿಯ (ಪಂಪಿನ ಹೊರಕವಚದ) ಕೆಲಸಕ್ಕೆ ನಾವು 100 ರೂಪಾಯಿ ಪಡೆದು 138 ಖರ್ಚು ಮಾಡುತ್ತಿದ್ದೆವು.

ಇದನ್ನು ಕಂಡ ತಕ್ಷಣ ದರ ಏರಿಸಿ ಎಂದು ಹೇಳುವುದು ಸುಲಭ. ಆದರೆ ಉಳಿದ 140 ಗಂಟೆ ಎಲ್ಲಿ ಹೋಯಿತೆಂದು ಮೊದಲು ಕೇಳಬೇಕು. ಚೀಟಿಗಳನ್ನು ಓದಿದಾಗ ಕರೆಂಟು ಹೋದದ್ದು, ಸೆಟ್ಟಿಂಗ್ ಬದಲಿಸಿದ್ದು, ಇನ್ಸರ್ಟ್ ಬರುವವರೆಗೆ ಕಾದದ್ದು ಎಲ್ಲ ಕಂಡವು. ಎಲ್ಲಕ್ಕಿಂತ ದೊಡ್ಡದು ಬ್ಲೋ ಹೋಲ್. ಎರಕದೊಳಗಿನ ಗಾಳಿಗುಳ್ಳೆ ಹೊರಗಿನಿಂದ ಕಾಣುವುದಿಲ್ಲ. ಇಪ್ಪತ್ತು ನಿಮಿಷ ಕೊರೆದ ಮೇಲೆ ತೂತು ತೆರೆದುಕೊಳ್ಳುತ್ತದೆ, ಪೀಸು ರಿಜೆಕ್ಟ್. ನಾವು ಫೌಂಡ್ರಿಗೆ ಡೆಬಿಟ್ ನೋಟ್ (ಅವರಿಗೆ ಕೊಡುವ ಹಣದಲ್ಲಿ ಇಷ್ಟು ಕಳೆಯುತ್ತೇವೆಂಬ ಚೀಟಿ) ಕಳುಹಿಸುತ್ತಿದ್ದುದು ಎರಕದ ಬೆಲೆಗೆ ಮಾತ್ರ. ಅದರ ಮೇಲೆ ನಾವು ಸುರಿದ ಮಷಿನ್ ಸಮಯಕ್ಕೆ ಯಾರೂ ಹಣ ಕೊಡುತ್ತಿರಲಿಲ್ಲ, ಯಾವ ಖಾತೆಯಲ್ಲೂ ಅದು ಕಾಣುತ್ತಲೂ ಇರಲಿಲ್ಲ. ಅಂಕಿಗಳನ್ನು ಹಿಡಿದು ಮಾಲೀಕರು ಫೌಂಡ್ರಿಯವರ ಜೊತೆ ಕುಳಿತರು. ಮುಂದೆ ಮಷಿನಿಂಗ್ ಖರ್ಚಿನ ಒಂದು ಭಾಗವನ್ನೂ ಡೆಬಿಟ್ ನೋಟಿಗೆ ಸೇರಿಸಲು ಒಪ್ಪಿಗೆಯಾಯಿತು. ನನ್ನ ಸಂಬಳ ಮೊದಲ ಸಲ ನಾನು ಕೇಳದೆ ಹೆಚ್ಚಾದದ್ದು ಆ ತಿಂಗಳು. ನಿಮ್ಮಲ್ಲಿ ಯಾರಿಗಾದರೂ ಇಂಥ ಲೆಕ್ಕದಲ್ಲಿ ಮನಸ್ಸು ಓಡುವುದಾದರೆ ಸಿಎ ಒಂದೇ ದಾರಿ ಎಂದುಕೊಳ್ಳಬೇಡಿ. ವೆಚ್ಚ ಲೆಕ್ಕದ ಸಿಎಂಎ ಪರೀಕ್ಷೆಗಳನ್ನು ಕೆಲಸ ಮಾಡುತ್ತಲೇ ಬರೆಯಬಹುದು, ಮತ್ತು ಅದರಲ್ಲಿ ಓದುವ ಪ್ರತಿ ಅಧ್ಯಾಯಕ್ಕೂ ಕಾರ್ಖಾನೆಯಲ್ಲಿ ಒಂದು ಮಷಿನ್ ಸಿಗುತ್ತದೆ.

ಒಂದು ನಿಮಿಷ ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ. ನಮ್ಮ ಕಡೆ ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಕಿರ್ದಿ ಪುಸ್ತಕವಿಟ್ಟು ಅರಿಶಿನ ಕುಂಕುಮ ಹಚ್ಚುತ್ತಾರೆ. ಈಗ ಅನೇಕ ಕಡೆ ಪುಸ್ತಕದ ಪಕ್ಕದಲ್ಲಿ ಕಂಪ್ಯೂಟರ್‌ಗೂ ಹೂವು ಏರಿಸುತ್ತಾರೆ, ಅದರೊಳಗೆ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಇರುತ್ತದೆ. ಆ ಟ್ಯಾಲಿ ಹುಟ್ಟಿದ್ದು 1986ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಕಾರ್ಖಾನೆ ಮತ್ತು ಜವಳಿ ಗಿರಣಿಗಳಿಗೆ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಬರೆಯಲು ಹೇಳಿದರು. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಒಬ್ಬ ವ್ಯಾಪಾರಿಯ ಮೇಜಿನ ಮೇಲಿನ ತೊಂದರೆ ದೇಶದ ಲೆಕ್ಕ ಬರೆಯುವ ರೀತಿಯನ್ನೇ ಬದಲಿಸಿತು ಎಂಬುದನ್ನು ನೆನೆದಾಗ ನನಗೆ ಈಗಲೂ ಹುಮ್ಮಸ್ಸು ಬರುತ್ತದೆ. ಆದರೆ ಟ್ಯಾಲಿ ಕಲಿತೆ, ಆದ್ದರಿಂದ ಅಕೌಂಟೆಂಟ್ ಆದೆ ಎಂದು ಸಂದರ್ಶನಕ್ಕೆ ಬರುವ ಹುಡುಗರಿಗೆ ನಾನು ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು, ಇದನ್ನು ನೋಡಿ ಈ ಉದ್ಯಮದ ಬಗ್ಗೆ ಮೂರು ಮಾತು ಹೇಳಿ ಎನ್ನುತ್ತೇನೆ. ಹೇಳಬಲ್ಲವರು ಬಹಳ ಕಡಿಮೆ.

ಇನ್ನು ವಸೂಲಿ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಸಣ್ಣ ಕಾರ್ಖಾನೆಗಳ ಗೋಡೆಯ ಮೇಲೆ ಬರೆಯಬೇಕಾದ ಮಾತು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು, ಬರಹದ ಒಪ್ಪಂದವಿದ್ದರೂ, 45 ದಿನ ಮೀರಿ ತಡೆಯುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಾಗಿದ್ದರೆ ನನ್ನ ಉದಾಹರಣೆಯಲ್ಲಿ 60 ದಿನ ಏಕೆ ಎಂದು ನೀವು ಕೇಳಬೇಕು. ಕಾಯ್ದೆ ಗೊತ್ತಿದ್ದೂ ನಮ್ಮ ಮಾಲೀಕರು ದೂರು ಕೊಡುವುದಿಲ್ಲ, ಏಕೆಂದರೆ ಮುಂದಿನ ಆರ್ಡರ್ ಬೇಕು. ಈ ಸಂಕೋಚವನ್ನು ನಾನು ಹಳಿಯಲಾರೆ. ಆದರೆ 2023ರ ಹಣಕಾಸು ಕಾಯ್ದೆಯಿಂದ ಒಂದು ಹೊಸ ದಾರಿ ತೆರೆಯಿತು: ಈ ಗಡುವಿನೊಳಗೆ ಹಣ ಕೊಡದ ಖರೀದಿದಾರರು, ನಿಜವಾಗಿ ಹಣ ಕೊಡುವ ವರ್ಷದವರೆಗೆ, ಆ ಖರ್ಚನ್ನು ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳುವಂತಿಲ್ಲ. 2023–24ರ ಲೆಕ್ಕದಿಂದಲೇ ಇದು ಅನ್ವಯವಾಯಿತು. ಆಗ ನಾವು ಮಾಡಿದ್ದು ಇಷ್ಟೆ: ಎಲ್ಲ ಬಿಲ್ಲುಗಳ ಮೇಲೆ, ನಾವು ಸಣ್ಣ ಉದ್ಯಮವೆಂದು ತೋರಿಸುವ ಸರ್ಕಾರದ ಉದ್ಯಮ್ ನೋಂದಣಿ ಸಂಖ್ಯೆ ಅಚ್ಚು ಹಾಕಿಸಿದೆವು, ಜನವರಿಯಲ್ಲಿ ಪ್ರತಿ ಗ್ರಾಹಕರ ಲೆಕ್ಕ ವಿಭಾಗಕ್ಕೂ ಪ್ರಮಾಣಪತ್ರದ ಪ್ರತಿಯ ಜೊತೆ ಬಾಕಿ ಪಟ್ಟಿಯನ್ನು ವಿನಯದ ಒಂದು ಪತ್ರದೊಂದಿಗೆ ಕಳುಹಿಸಿದೆವು. ದೂರು ಇಲ್ಲ, ಜಗಳ ಇಲ್ಲ. ಅವರ ಆಡಿಟರ್‌ಗಳೇ ನಮ್ಮ ಪರವಾಗಿ ಮಾತನಾಡಿದರು. ಮಾರ್ಚ್ ಮುಗಿಯುವುದರೊಳಗೆ ಹಳೆಯ ಬಾಕಿಯಲ್ಲಿ ಬಹುಪಾಲು ಬಂತು.

ನಾವು ಕೊಡಬೇಕಾದವರ ವಿಷಯದಲ್ಲೂ ಇದೇ ಎಚ್ಚರ ಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಪೂರೈಕೆದಾರರು ರಿಟರ್ನ್ ಹಾಕದಿದ್ದರೆ, ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಜಮೆ ನಮಗೆ ಸಿಗುವುದಿಲ್ಲ. ಪ್ರತಿ ತಿಂಗಳ 14ನೇ ತಾರೀಖಿಗೆ, ಪೂರೈಕೆದಾರರು ತೋರಿಸಿದ ಬಿಲ್ಲುಗಳ 2ಬಿ ಪಟ್ಟಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುತ್ತದೆ; ಅಂದೇ ಕುಳಿತು ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ, ಯಾರ ಬಿಲ್ಲು ಕಾಣುತ್ತಿಲ್ಲವೋ ಅವರಿಗೆ ಅಂದೇ ಫೋನ್ ಮಾಡಬೇಕು. 20ನೇ ತಾರೀಖಿನ ಸಂಜೆ ಮಾಡುವ ಫೋನಿನಿಂದ ಪ್ರಯೋಜನವಿಲ್ಲ.

ಕೆಲಸಗಾರರ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಉಪನ್ಯಾಸ ಅರೆಯಾಗುತ್ತದೆ. ಹತ್ತು ಜನರಾದಾಗ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ), ಇಪ್ಪತ್ತು ಜನರಾದಾಗ ಪಿಎಫ್ (ಭವಿಷ್ಯ ನಿಧಿ) ಬರುತ್ತದೆ. ಹತ್ತೊಂಬತ್ತರಲ್ಲೇ ನಿಲ್ಲಿಸಿ, ಉಳಿದವರನ್ನು ಹಾಜರಿ ಪುಸ್ತಕದ ಹೊರಗಿಡಿ ಎಂದು ಮಾಲೀಕರು ಹೇಳುವ ದಿನ ನಿಮ್ಮೆಲ್ಲರ ಜೀವನದಲ್ಲೂ ಬರುತ್ತದೆ. ನಾನು ಬಲ್ಲ ಒಂದು ಘಟಕದಲ್ಲಿ ಹಾಗೆ ಹೊರಗಿಟ್ಟಿದ್ದ ಹುಡುಗನೊಬ್ಬನ ಎರಡು ಬೆರಳು ಪ್ರೆಸ್ಸಿನಲ್ಲಿ ಹೋದವು. ಇಎಸ್‌ಐ ಇದ್ದಿದ್ದರೆ ಚಿಕಿತ್ಸೆಯೂ, ಜೀವನಪೂರ್ತಿ ಅಂಗವೈಕಲ್ಯದ ನೆರವೂ ಸಿಗುತ್ತಿತ್ತು. ಆ ಹುಡುಗನ ಹೆಸರನ್ನು ಪುಸ್ತಕದಲ್ಲಿ ಬರೆಯದ ಕೈ ಒಬ್ಬ ಅಕೌಂಟೆಂಟ್‌ನದು. ಇಎಸ್‌ಐಗೆ ಪಗಾರದಲ್ಲಿ ಕಾರ್ಮಿಕರ ಪಾಲು ಶೇಕಡಾ 0.75, ಮಾಲೀಕರ ಪಾಲು ಶೇಕಡಾ 3.25, ಇಷ್ಟು ಉಳಿಸಲು ಹೋಗಿ ಆದ ನಷ್ಟವನ್ನು ಯಾವ ಖಾತೆಗೆ ಬರೆಯುತ್ತೀರಿ?

ಹಾಗಾದರೆ ಇಂಥ ಮಾತನ್ನು ಮಾಲೀಕರಿಗೆ ಹೇಳುವುದು ಹೇಗೆ? ಎಲ್ಲರ ಮುಂದೆ ಹೇಳಬೇಡಿ, ಮತ್ತು ತಿಂಗಳ ಕೊನೆಗೆ ಪಗಾರದ ಒತ್ತಡದಲ್ಲಿರುವಾಗ ಹೇಳಬೇಡಿ. ಬೆಳಿಗ್ಗೆ ಮಷಿನ್ ಶುರುವಾಗುವ ಮುಂಚೆ ಚಹಾ ಕುಡಿಯುವಾಗ, ಒಂದು ಹಾಳೆಯಲ್ಲಿ ಅಂಕಿ ಬರೆದುಕೊಂಡು ಹೋಗಿ ಹೇಳಿ. ಮಗಳ ಕಾಲೇಜು ಶುಲ್ಕ, ಮನೆಯ ಕಿರಾಣಿ ಎಲ್ಲವನ್ನೂ ಕಾರ್ಖಾನೆಯ ಖಾತೆಯಿಂದ ಕೊಡುತ್ತಿದ್ದ ನಮ್ಮ ಮಾಲೀಕರು ತಿಂಗಳಿಗೆ ಇಷ್ಟೇ ಎಂದು ಗೊತ್ತುಪಡಿಸಿದ ಮೊತ್ತವನ್ನು ಮನೆಗೆ ಒಯ್ಯುವ ಪದ್ಧತಿಗೆ ಬರಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷ ನಾನು ಪ್ರತಿ ತಿಂಗಳು ಅದೇ ಹಾಳೆಯನ್ನು ಇಟ್ಟೆ. ಆದರೆ ಬ್ಯಾಂಕಿಗೆ ಇಲ್ಲದ ಸ್ಟಾಕ್ ತೋರಿಸು, ಹಳೆಯ ತಾರೀಖಿನ ಬಿಲ್ಲು ಮಾಡು ಎಂದು ಒತ್ತಾಯ ಬಂದರೆ, ಎರಡು ಸಲ ವಿವರಿಸಿ ಹೇಳಿ, ಮೂರನೇ ಸಲ ಬೇರೆ ಕೆಲಸ ಹುಡುಕಿ. 2023ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆಯೂ ಉಳಿಯಬೇಕೆಂಬ ನಿಯಮವಿದೆ. ಯಾರು ಬದಲಿಸಿದರು ಎಂಬಲ್ಲಿ ನಿಮ್ಮ ಹೆಸರಿರುತ್ತದೆ.

ಕಾರ್ಖಾನೆ ದೊಡ್ಡದಾದಂತೆ ನೀವು ಬದಲಾಗದಿದ್ದರೆ ನಿಮ್ಮ ಮೇಲೆ ಇನ್ನೊಬ್ಬರು ಬರುತ್ತಾರೆ. ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಮೊದಲ ಹಂತದಲ್ಲಿ ಎಲ್ಲವನ್ನೂ ನೀವೇ ಬರೆಯುತ್ತೀರಿ, ಅದರಲ್ಲಿ ಒಂದು ಹೆಮ್ಮೆಯೂ ಇರುತ್ತದೆ. ನಲವತ್ತು ಜನರ ಕಾರ್ಖಾನೆಯಾದಾಗ ಆ ಹೆಮ್ಮೆಯೇ ಅಡ್ಡಿಯಾಗುತ್ತದೆ. ಆಗ ಖರೀದಿ ಆರ್ಡರ್, ಗೇಟಿನ ಇನ್‌ವರ್ಡ್ ಚೀಟಿ, ಪೂರೈಕೆದಾರರ ಬಿಲ್ಲು ಮೂರೂ ತಾಳೆಯಾಗದೆ ಹಣ ಹೋಗಬಾರದು. ಬಿಲ್ಲು ದಾಖಲಿಸುವವರೂ ಹಣ ಕಳುಹಿಸುವವರೂ ಬೇರೆ ಬೇರೆ ಇರಬೇಕು. ಕಳೆದ ತಿಂಗಳ ಲೆಕ್ಕ 5ನೇ ತಾರೀಖಿಗೆ ಮುಗಿಯಬೇಕು. ಅಂದರೆ ನಿಮ್ಮ ಕೈಯಲ್ಲಿದ್ದುದನ್ನು ಇನ್ನೊಬ್ಬರಿಗೆ ಕಲಿಸಿ ಬಿಟ್ಟುಕೊಡಬೇಕು. ನನಗೆ ಇದು ಬಹಳ ಕಷ್ಟವಾಯಿತು. ಹತ್ತು ವರ್ಷ ನಾನೊಬ್ಬನೇ ನೋಡಿಕೊಂಡಿದ್ದ ಬ್ಯಾಂಕ್ ತಾಳೆಯನ್ನು ಬೇರೆಯವರಿಗೆ ಒಪ್ಪಿಸಿದ ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಮುಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿನಿಯೊಬ್ಬರು ಆರಂಭಕ್ಕೆ ಮೊದಲೇ ಒಂದು ಚೀಟಿ ಕೊಟ್ಟಿದ್ದಾರೆ: ಮಷಿನ್ ಶಾಪ್‌ನಂಥ ಕಡೆ ಹೆಣ್ಣುಮಕ್ಕಳಿಗೆ ಈ ಕೆಲಸ ಆಗುತ್ತದೆಯೇ ಎಂದು. ಆ ಬ್ಯಾಂಕ್ ತಾಳೆಯನ್ನು ನಾನು ಒಪ್ಪಿಸಿದ್ದು 2014ರಲ್ಲಿ ಬಿಲ್ ಎಂಟ್ರಿಗೆಂದು ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಣ್ಣುಮಗಳಿಗೆ. ಮೊದಲ ದಿನಗಳಲ್ಲಿ ಶೆಡ್ಡಿನೊಳಗೆ ಹೋಗಲು ಅವರಿಗೆ ಮುಜುಗರವಿತ್ತು, ಒಳಗಿನವರಿಗೂ ಇತ್ತು. ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯವಿಲ್ಲ ಎಂಬುದನ್ನು ನಾವು ಗಮನಿಸಿದ್ದೇ ಅವರು ಬಂದ ಮೇಲೆ. ಆದ್ದರಿಂದ ಸಂದರ್ಶನಕ್ಕೆ ಹೋದಾಗ ಅದನ್ನು ಸಂಕೋಚವಿಲ್ಲದೆ ಕೇಳಿ, ಸಂಜೆ ಎಷ್ಟು ಗಂಟೆಗೆ ಬಿಡುತ್ತಾರೆಂದೂ ಕೇಳಿ. ಇಂದು ನಮ್ಮ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ ಅವರೇ. ಪ್ರತಿ ಶನಿವಾರ ಮಧ್ಯಾಹ್ನ ಟೂಲ್ ಕಪಾಟಿನ ಬೀಗ ತೆಗೆಸಿ ಇನ್ಸರ್ಟ್ ಡಬ್ಬಿಗಳನ್ನು ತಾವೇ ಎಣಿಸುತ್ತಾರೆ. ಸೋಮವಾರ ಬೆಳಿಗ್ಗೆ ಮುಂದಿನ ಹದಿಮೂರು ವಾರಗಳಲ್ಲಿ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಹೋಗಬೇಕು ಎಂಬ ಒಂದು ಹಾಳೆ ಮಾಲೀಕರ ಮೇಜಿನ ಮೇಲಿರುತ್ತದೆ. ರೊಕ್ಕ ಎಲ್ಲಿ ಹೋಯಿತೆಂದು ಅವರು ಕೇಳಿ ಈಗ ಬಹಳ ವರ್ಷಗಳಾದವು.